ರೈಡರ್‌ಗೊಂದು ನ್ಯಾಯ, ಕಾರ್ನರ್‌ಗೊಂದು ನ್ಯಾಯ

ನಮ್ಮ ಕ್ಲಬ್ಬಿನಲ್ಲಿ ಒಂದು ಲೆಕ್ಕದ ಪುಸ್ತಕ ಇದೆ. ಕೆಂಪು ರಟ್ಟಿನ ಉದ್ದ ಪುಸ್ತಕ, ದಿನಸಿ ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಎಂಟ್ರಿ ಫೀಸು, ಗಾಡಿ ಬಾಡಿಗೆ, ಯಾವ ಹುಡುಗನಿಗೆ ಮ್ಯಾಚ್ ದುಡ್ಡು ಎಷ್ಟು ಕೊಟ್ಟೆ, ಎಲ್ಲ ಅದರಲ್ಲೇ. ಹುಡುಗರು ಹೊರಗಡೆ ಏನಾದರೂ ಗಲಾಟೆ ಮಾಡಿಕೊಂಡರೆ ಅದನ್ನೂ ಒಂದು ಸಾಲು ಬರೆದಿಡುವ ಅಭ್ಯಾಸ ನನಗೆ. 2018ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಕೂತು ಆ ಸಾಲುಗಳನ್ನಷ್ಟೇ ಮೊದಲಿನಿಂದ ಓದಿದೆ. ಅವತ್ತು ನಿದ್ದೆ ಬರಲಿಲ್ಲ.

ತುಮಕೂರಿನಲ್ಲಿ ಹಗಲು ನಾನು ಪಿ.ಟಿ. ಮೇಷ್ಟ್ರು, ಸಂಜೆ ಕಬಡ್ಡಿ ಕೋಚ್. ನಮ್ಮ ಹುಡುಗರು ತಿಪಟೂರು, ಕುಣಿಗಲ್, ಮಧುಗಿರಿ, ಶಿರಾ ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗುತ್ತಾರೆ. ದುಡ್ಡಿಗೇ ಆಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಎಷ್ಟೋ ಜನರ ರೂಮ್ ಬಾಡಿಗೆ ನಡೆಯುವುದೇ ಅದರಿಂದ.

ಆ ವಾರ ನಡೆದದ್ದು ಇಷ್ಟು. ಗುಬ್ಬಿ ಗೇಟ್ ಹತ್ತಿರದ ಒಂದು ಬೇಕರಿಯಲ್ಲಿ ಟೀ ತಡ ಆಯಿತು ಅಂತ ನಮ್ಮ ಮುಖ್ಯ ರೈಡರ್, ಅಂದರೆ ಎದುರು ತಂಡದ ಕಡೆ ನುಗ್ಗಿ ಪಾಯಿಂಟ್ ತರುವವನು, ಅಲ್ಲಿನ ಕೆಲಸದ ಹುಡುಗನ ಕಪಾಳಕ್ಕೆ ಹೊಡೆದ. ಹುಡುಗನ ತುಟಿ ಒಡೆಯಿತು. ಶನಿವಾರ ತಿಪಟೂರಿನಲ್ಲಿ ಪಂದ್ಯ ಇತ್ತು. ನಾನೇ ಓಡಿಹೋಗಿ ಮಾಲೀಕರ ಕೈ ಹಿಡಿದು, ಮೂರು ಸಾವಿರ ಕೊಟ್ಟು, ಮುಗಿಸಿದೆ. ಏಟು ತಿಂದ ಹುಡುಗನ ಹತ್ತಿರ ಒಂದು ಮಾತೂ ಆಡಲಿಲ್ಲ. ಶನಿವಾರ ಗೆದ್ದೆವು.

ಸೋಮವಾರ ಮ್ಯಾಟ್ ಜೋಡಿಸುವಾಗ ಒಬ್ಬ ಜೂನಿಯರ್ ಹುಡುಗ ಮೆಲ್ಲಗೆ ಕೇಳಿದ. "ಅಣ್ಣ, ಅವತ್ತು ಕಾರ್ನರ್ ಅಣ್ಣ ಬರೀ ಬೈದಿದ್ದಕ್ಕೇ ಕ್ಲಬ್ಬಿಂದ ತೆಗೆದ್ರಲ್ವಾ? ಇವ್ರು ಹೊಡೆದಿದಾರೆ." ನನ್ನ ಬಾಯಿಂದ ಉತ್ತರ ಬರಲಿಲ್ಲ. "ಮೊದ್ಲು ಆ ಕಡೆ ಎಳಿ" ಅಂದೆ.

ಅದಕ್ಕೇ ಆ ರಾತ್ರಿ ಪುಸ್ತಕ ತೆಗೆದಿದ್ದು. ಒಂಬತ್ತು ವರ್ಷಕ್ಕೆ ಹತ್ತೊಂಬತ್ತು ಸಾಲು. ರೈಡರ್‌ಗಳ ಹೆಸರಿನ ಮುಂದೆ "ಎಚ್ಚರಿಕೆ ಕೊಟ್ಟೆ", "ಕ್ಷಮೆ ಕೇಳಿಸಿದೆ". ರೈಡರ್ ಬಂದಾಗ ಹಿಡಿಯುವ ಕಾರ್ನರ್, ಕವರ್ ಹುಡುಗರು, ಹೊರಗೆ ಕೂರುವ ಹುಡುಗರು, ಇವರ ಮುಂದೆ "ಎರಡು ತಿಂಗಳು ಬರಬೇಡ ಅಂದೆ", "ತೆಗೆದೆ". ಒಬ್ಬರ ಕಣ್ಣಿಗೆ ಬೆಣ್ಣೆ, ಒಬ್ಬರ ಕಣ್ಣಿಗೆ ಸುಣ್ಣ. ಇದನ್ನು ಒಳಗೊಳಗೇ ಗುಮಾನಿ ಪಟ್ಟಿದ್ದೆ. ಗೊತ್ತಿಲ್ಲದೇ ಇದ್ದದ್ದು ಬೇರೆ. ಅದೇ ಪುಟದ ಎಡಗಡೆ ಆ ವಾರದ ಪಂದ್ಯ ಏನಾಯಿತು ಅಂತ ಬರೆದಿರುತ್ತೇನೆ. ಸೋತ ವಾರ ಸಿಕ್ಕಿಬಿದ್ದವರಿಗೆ ಶಿಕ್ಷೆ ಜಾಸ್ತಿ. ಗೆದ್ದ ವಾರ ಸಿಕ್ಕಿಬಿದ್ದವರಿಗೆ ಬುದ್ಧಿಮಾತು. ಇನ್ನೂ ಒಂದು. ಊರಲ್ಲೇ ಮನೆ ಇರುವ ಹುಡುಗರ ಪರ ಅಪ್ಪನೋ ಮಾವನೋ ಬಂದು "ಹೋಗ್ಲಿ ಬಿಡಿ ಮೇಷ್ಟ್ರೇ, ಹುಡುಗ್ ಬುದ್ಧಿ" ಅನ್ನುತ್ತಿದ್ದರು. ಪಾವಗಡ, ಕೊರಟಗೆರೆ ಕಡೆಯಿಂದ ಬಂದು ರೂಮ್ ಮಾಡಿಕೊಂಡಿದ್ದ ಹುಡುಗರ ಪರ ಬರುವವರು ಯಾರೂ ಇರಲಿಲ್ಲ. ಕ್ಲಬ್ಬಿಂದ ಹೊರಗೆ ಹೋದವರೆಲ್ಲ ಅವರೇ.

2016ರ ಒಂದು ಪುಟ ಮಾತ್ರ ಇವತ್ತಿಗೂ ಕಣ್ಣ ಮುಂದೆ ಇದೆ. ಮೇಲಿನ ಸಾಲು ನೀಲಿ ಪೆನ್ನಿನಲ್ಲಿ: "ಮನೆ ವಿಚಾರ. ಬುದ್ಧಿ ಹೇಳಿ ಕಳಿಸಿದೆ." ಅದು ನಮ್ಮ ಆಲ್‌ರೌಂಡರ್ ಒಬ್ಬನ ಹೆಂಡತಿ ಮೈದಾನಕ್ಕೇ ಬಂದ ದಿನ. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಬಲಗೈ ತೆಗೆದು ತೋರಿಸಿದಳು. ಮಣಿಕಟ್ಟು ಊದಿ ಬಳೆ ಒಳಗೆ ಒತ್ತಿಕೊಂಡಿತ್ತು. ನಾನು ಅವನನ್ನು ಪಕ್ಕಕ್ಕೆ ಕರೆದು ಬೈದೆ. ಅವಳಿಗೆ "ಹೊಂದ್ಕೊಂಡು ಹೋಗಮ್ಮ, ನಾನು ಹೇಳಿದೀನಿ" ಅಂದೆ. ಅವನು ಆ ವಾರವೂ ಆಡಿದ. ಅದರ ಕೆಳಗಿನ ಸಾಲು, ಹದಿನೈದು ದಿನದ ನಂತರದ್ದು: "ಕುಡಿದು ಶಿರಾ ಬಸ್ ಕಂಡಕ್ಟರ್ ಜೊತೆ ಜಗಳ, ಕೆಟ್ಟ ಮಾತು. ಕ್ಲಬ್ಬಿಂದ ತೆಗೆದೆ." ಅದೇ ನಮ್ಮ ಬಲ ಕಾರ್ನರ್ ಹುಡುಗ. ಎರಡೂ ನನ್ನದೇ ಅಕ್ಷರ. ಹೆಂಡತಿಯ ಕೈ ಮುರಿಯುವ ಹಾಗೆ ತಿರುಚಿದವನಿಗೆ ಬುದ್ಧಿಮಾತು. ಬಸ್ಸಿನಲ್ಲಿ ಕೂಗಾಡಿದವನಿಗೆ ಬಾಗಿಲು ಬಂದ್.

ಮ್ಯಾಟ್ ಮೇಲೆ ನಮಗೆ ಈ ಕಷ್ಟ ಇಲ್ಲ. ಹಸಿರು ಕಾರ್ಡ್ ಅಂದರೆ ಎಚ್ಚರಿಕೆ. ಹಳದಿ ಅಂದರೆ ಎರಡು ನಿಮಿಷ ಹೊರಗೆ. ಕೆಂಪು ಅಂದರೆ ಆ ಪಂದ್ಯವೇ ಮುಗಿಯಿತು. ರೆಫರಿ ಮೇಲೆ ಸಿಟ್ಟು ಬರಬಹುದು, ಆದರೆ ಯಾವುದಕ್ಕೆ ಏನು ಅಂತ ಮೊದಲೇ ಎಲ್ಲರಿಗೂ ಗೊತ್ತು. ಮ್ಯಾಟ್‌ನಿಂದ ಆಚೆ ಕಾಲಿಟ್ಟರೆ ಕಾರ್ಡ್ ನನ್ನ ಜೇಬಿನಲ್ಲಿ. ನನಗೆ ಮನಸ್ಸು ಬಂದ ಬಣ್ಣದ್ದು ತೆಗೆಯುತ್ತಿದ್ದೆ.

ಇದನ್ನು ಸರಿ ಮಾಡಬೇಕು ಅಂತ ಹಾಳೆ ಪೆನ್ನು ಹಿಡಿದು ಕೂತಾಗಲೇ, 2019ರ ಜನವರಿಯಲ್ಲಿ, ಹಾರ್ದಿಕ್ ಪಾಂಡ್ಯ ಮತ್ತು ಕೆ.ಎಲ್. ರಾಹುಲ್ ಅವರ ಟಿವಿ ಮಾತಿನ ಗಲಾಟೆ ಶುರುವಾಯಿತು. ಹೆಣ್ಣುಮಕ್ಕಳ ಬಗ್ಗೆ ಆಡಬಾರದ ಮಾತು ಆ ಕಾರ್ಯಕ್ರಮದಲ್ಲಿ ಬಂದಿತ್ತು. ರಾಹುಲ್ ನಮ್ಮವರು ಅಂತ ನಮ್ಮ ಹುಡುಗರಿಗೆ ಪ್ರೀತಿ ಬೇರೆ. ದಿನಾ ಸಂಜೆ ವಾರ್ಮ್‌ಅಪ್‌ಗಿಂತ ವಾದವೇ ಜಾಸ್ತಿ. ಕ್ರಿಕೆಟ್ ಮಂಡಳಿಯನ್ನು ಆಗ ನೋಡಿಕೊಳ್ಳುತ್ತಿದ್ದುದು ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಾಧಿಕಾರಿಗಳ ಸಮಿತಿ. ಸಮಿತಿಯಲ್ಲಿದ್ದವರೇ ಇಬ್ಬರು. ವಿನೋದ್ ರಾಯ್ ಎರಡು ಪಂದ್ಯ ನಿಷೇಧ ಸಾಕು ಅಂದರು. ಡಯಾನಾ ಎಡುಲ್ಜಿ ಒಪ್ಪಲಿಲ್ಲ. ಕೊನೆಗೆ ಜನವರಿ 11ರಂದು, ವಿಚಾರಣೆ ಆಗುವವರೆಗೆ ಅಮಾನತು ಅಂತ ಹೇಳಿ ಇಬ್ಬರನ್ನೂ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿದರು. ಆದರೆ ವಿಚಾರಣೆ ಮಾಡಬೇಕಾದ ಒಂಬುಡ್ಸ್‌ಮನ್ ಹುದ್ದೆಯಲ್ಲಿ ಆಗ ಯಾರೂ ಇರಲಿಲ್ಲ! ಜನವರಿ 24ಕ್ಕೆ ಅಮಾನತು ತೆಗೆದರು. ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಡಿ.ಕೆ. ಜೈನ್ ನೇಮಕವಾದರು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ದಂಡ ಬಿತ್ತು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಸತ್ತ ಹತ್ತು ಅರೆಸೇನಾ ಪಡೆ ಕಾನ್‌ಸ್ಟೇಬಲ್‌ಗಳ ಮನೆಯವರಿಗೆ, ಇನ್ನು 10 ಲಕ್ಷ ಅಂಧರ ಕ್ರಿಕೆಟ್‌ಗೆ.

ದಂಡ ಸರಿಯೋ ತಪ್ಪೋ ಅನ್ನೋದು ಹುಡುಗರ ಜಗಳ. ನನಗೆ ಚುಚ್ಚಿದ್ದು ಇನ್ನೊಂದು. ಅಷ್ಟು ದೊಡ್ಡ ಮಂಡಳಿಯಲ್ಲೂ ತಪ್ಪು ನಡೆದ ಮೇಲೆ ನ್ಯಾಯ ಹೇಳುವವರನ್ನು ಹುಡುಕಿದರು. ಹಾಗಾದರೆ ಮೊದಲು ಬರೆಯಬೇಕಾದದ್ದು ಶಿಕ್ಷೆಯ ಪಟ್ಟಿ ಅಲ್ಲ. ಯಾರು ಕೂತು ಕೇಳುತ್ತಾರೆ ಅನ್ನೋದು.

ನಾನು ಕೂರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ನನ್ನ ತಲೆಯಲ್ಲಿ ಯಾವಾಗಲೂ ಶನಿವಾರದ ಮ್ಯಾಚ್ ಇರುತ್ತೆ. ಮೂರು ಜನರನ್ನು ಮಾಡಿಕೊಂಡೆವು. ಒಬ್ಬರು ಹಿಂದೆ ರಾಜ್ಯ ಮಟ್ಟದಲ್ಲಿ ಕಬಡ್ಡಿ ಆಡಿದ್ದ ಟೀಚರಮ್ಮ. ಒಬ್ಬರು ನಮ್ಮ ಲೆಕ್ಕ ನೋಡುವ ಹಿರಿಯರು. ಮೂರನೆಯವರು ಹುಡುಗರೇ ಚೀಟಿ ಹಾಕಿ ಆರಿಸಿದ ಆಟಗಾರ. ಪಂದ್ಯ ಮುಗಿದು ಎರಡು ದಿನ ಆಗುವವರೆಗೆ ಯಾವ ತೀರ್ಮಾನವೂ ಇಲ್ಲ. ಏಳು ದಿನ ಮೀರಿ ಎಳೆಯುವ ಹಾಗೂ ಇಲ್ಲ. ದೂರು ಕೊಟ್ಟವರ ಮಾತು, ಹುಡುಗನ ಮಾತು, ಎರಡನ್ನೂ ಬರೆದುಕೊಳ್ಳಬೇಕು.

ಹೆಸರು ಮುಚ್ಚಿಟ್ಟು ದೂರನ್ನಷ್ಟೇ ಮುಂದಿಟ್ಟರೆ ಪಕ್ಷಪಾತ ಇರಲ್ಲ ಅಂತ ಒಂದು ಉಪಾಯ ಮಾಡಿದ್ದೆ. "ಒಬ್ಬ ಆಟಗಾರ ಇಂಥ ದಿನ ಇಂಥ ಕಡೆ" ಅಂತ ಓದಿದೆ. ಟೀಚರಮ್ಮ ನಕ್ಕುಬಿಟ್ಟರು. "ಮೇಷ್ಟ್ರೇ, ಟೌನ್ ಹಾಲ್‌ನಿಂದ ಕ್ಯಾತ್ಸಂದ್ರದವರೆಗೂ ಎಲ್ಲರಿಗೂ ಗೊತ್ತು ಅದು ಯಾರು ಅಂತ" ಅಂದರು. ಅದನ್ನು ಬಿಟ್ಟೆವು. ಅದರ ಬದಲು ಅವರೇ ಒಂದು ದಾರಿ ಹೇಳಿಕೊಟ್ಟರು. ಏನೇ ತೀರ್ಮಾನ ಮಾಡುವ ಮೊದಲು ಕೆಂಪು ಪುಸ್ತಕ ತೆಗೆದು, ಅಂಥದ್ದೇ ಹಳೆಯ ಸಾಲುಗಳನ್ನು ಗಟ್ಟಿಯಾಗಿ ಓದಬೇಕು. ಅದಕ್ಕಿಂತ ಕಮ್ಮಿ ಅಥವಾ ಜಾಸ್ತಿ ಕೊಟ್ಟರೆ ಯಾಕೆ ಅಂತ ಬರೆಯಬೇಕು. ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. "ಅವನು ನಮ್ಮ ಮೇನ್ ರೈಡರ್, ಅದಕ್ಕೆ ಕಮ್ಮಿ ಮಾಡಿದ್ದೇವೆ" ಅಂತ ಕೈಯಾರೆ ಬರೆಯೋಕೆ ಯಾರಿಗೂ ಕೈ ಬರಲ್ಲ.

ಶಿಕ್ಷೆಯ ಅಳತೆ ಹಾಕುವಾಗ ಅಮೆರಿಕದ ಫುಟ್‌ಬಾಲ್ ಲೀಗ್‌ನಲ್ಲಿ 2014ರಲ್ಲಿ ನಡೆದದ್ದನ್ನು ಎಲ್ಲರಿಗೂ ಹೇಳಿದೆ. ಅಲ್ಲಿ ರೇ ರೈಸ್ ಅನ್ನೋ ಆಟಗಾರ, ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಪ್ರಜ್ಞೆ ತಪ್ಪುವ ಹಾಗೆ ಹೊಡೆದ. ಕೊಟ್ಟದ್ದು 2 ಪಂದ್ಯ ನಿಷೇಧ. ಅದೇ ಬೇಸಿಗೆಯಲ್ಲಿ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಜೋಶ್ ಗಾರ್ಡನ್‌ಗೆ ಇಡೀ ಸೀಸನ್. ಜನ ಉಗಿದ ಮೇಲೆ ಲೀಗ್, ಮೊದಲ ಸಲ ಹೀಗೆ ಹೊಡೆದವರಿಗೆ 6 ಪಂದ್ಯ ಅಂತ ನಿಯಮ ತಂದಿತು. ನನ್ನ 2016ರ ಪುಟ ಅದೇ ಅಲ್ವಾ? ಅಷ್ಟು ದೊಡ್ಡ ಲೀಗ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಯಾರ ಮೈಗೆ ನೋವಾಯಿತು ಅನ್ನೋದನ್ನು ಬಿಟ್ಟು, ಯಾವುದು ಕ್ಲಬ್ಬಿಗೆ ಮುಜುಗರ ತಂದಿತು ಅನ್ನೋದನ್ನು ಅಳೆದಿದ್ದೆ. ಹಾಗಾಗಿ ನಮ್ಮ ಹಾಳೆಯಲ್ಲಿ ಕೈ ಮಾಡುವುದು ಎಲ್ಲಕ್ಕಿಂತ ಮೇಲೆ ಬಂತು. ಮನೆಯವರ ಮೇಲೆ ಕೈ ಮಾಡಿದರೆ ಕ್ಲಬ್ ರಾಜಿ ಪಂಚಾಯ್ತಿ ಮಾಡುವ ಹಾಗೇ ಇಲ್ಲ. ಆಕೆಗೆ 181 ಸಹಾಯವಾಣಿ, ಪೊಲೀಸ್, ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಲ್ಲಿ ಸಿಗುವ ರಕ್ಷಣೆ, ಇವನ್ನು ತಿಳಿಸಿ ಬೇಕಾದರೆ ಜೊತೆಗೆ ಹೋಗಬೇಕು. ಹೋಗುವ ಕೆಲಸ ಟೀಚರಮ್ಮ ತಾವೇ ವಹಿಸಿಕೊಂಡರು. ಆ 2016ರ ಹೆಣ್ಣುಮಗಳು ಅಷ್ಟರಲ್ಲಿ ತವರು ಸೇರಿದ್ದಳು. ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ರೇ ರೈಸ್ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಆತ ಹೊಡೆಯುವ ವಿಡಿಯೊ ಹೊರಗೆ ಬಂತು. ಲೀಗ್ ಗಾಬರಿಯಾಗಿ ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ನವೆಂಬರ್‌ನಲ್ಲಿ ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಅದನ್ನು ರದ್ದು ಮಾಡಿದರು. ಆತ ಮೊದಲೇ ಲೀಗ್‌ಗೆ ನಡೆದದ್ದು ಹೇಳಿದ್ದ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡುವ ಹಾಗಿಲ್ಲ ಅಂತ. ಈ ಮಾತು ಕೇಳಿ ನಮ್ಮ ಜೂನಿಯರ್‌ಗಳಿಗೆ ಸಿಟ್ಟು ಬಂತು. ಅಂಥವನಿಗೆ ಯಾಕೆ ಬಿಡಬೇಕು ಅಂತ. ಆದರೆ ನನಗೆ ಅದು ಸರಿ ಅನಿಸುತ್ತೆ. ಮೊದಲ ದಿನವೇ ಕಡಿಮೆ ತೂಗಿದ್ದು ತಕ್ಕಡಿ ಹಿಡಿದವರ ತಪ್ಪು. ಬೇಕರಿ ವಿಷಯದಲ್ಲೂ ಹಾಗೇ ಮಾಡಿದೆವು. ಹೊಸ ಹಾಳೆಯನ್ನು ಹಳೆಯ ತಪ್ಪಿಗೆ ಹಾಕಲಿಲ್ಲ. ತೂಗಿದ್ದು ನಾನು, ತಪ್ಪು ನನ್ನದು ಅಂತ ಎಲ್ಲರ ಮುಂದೆ ಹೇಳಿದೆ. ರೈಡರ್ ತಾನಾಗೇ ನನ್ನ ಜೊತೆ ಬೇಕರಿಗೆ ಬಂದ. ಆ ಹುಡುಗ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

ತೀರ್ಮಾನಕ್ಕೆ ಕಾಯುವ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 2017ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಬೀದಿ ಜಗಳ ಆಗಿ ಇಂಗ್ಲೆಂಡ್ ಕ್ರಿಕೆಟ್ ಆಟಗಾರ ಬೆನ್ ಸ್ಟೋಕ್ಸ್ ಇಡೀ ಆಷಸ್ ಸರಣಿ ಕಳೆದುಕೊಂಡರು. 2018ರ ಆಗಸ್ಟ್‌ನಲ್ಲಿ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಡಿಸೆಂಬರ್‌ನಲ್ಲಿ ಕ್ರಿಕೆಟ್‌ನ ಶಿಸ್ತು ಆಯೋಗ 8 ಪಂದ್ಯ ನಿಷೇಧ ಮತ್ತು 30,000 ಪೌಂಡ್ ದಂಡ ಹಾಕಿತು. ಆದರೆ ಆ ಪಂದ್ಯಗಳನ್ನು ಆಗಲೇ ಆಡದೆ ಕಳೆದಿದ್ದಾರೆ ಅಂತ ಲೆಕ್ಕ ಹಿಡಿಯಿತು. ಕೋರ್ಟ್ ನೋಡುವುದು ಅಪರಾಧ ಆಯಿತಾ ಅಂತ, ಆಟದವರು ನೋಡುವುದು ಆಟಗಾರನಾಗಿ ಹೇಗೆ ನಡೆದುಕೊಂಡ ಅಂತ. ಎರಡೂ ಬೇರೆ. ನಾವೂ ಹಾಗೇ ಬರೆದೆವು. ಪೊಲೀಸ್ ಕೇಸು ಆದರೆ ತಂಡದಿಂದ ಹೊರಗೆ, ಆ ದಿನಗಳು ಶಿಕ್ಷೆಯಲ್ಲಿ ಕಳೆಯುತ್ತವೆ. ಅಭ್ಯಾಸಕ್ಕೆ ಮಾತ್ರ ಬರಬಹುದು. ಸಂಜೆ ಐದರಿಂದ ಏಳರವರೆಗೆ ಮ್ಯಾಟ್ ಮೇಲೆ ಇರುವ ಹುಡುಗ ಆ ಎರಡು ಗಂಟೆ ಬೇರೆಲ್ಲೂ ಇರಲ್ಲ.

ದುಡ್ಡಿನಲ್ಲಿ ನಾವು ಎಡವಿದೆವು. ಒಂದೇ ತಪ್ಪು ಮಾಡಿದ ಇಬ್ಬರು ಹುಡುಗರಿಗೂ ತಲಾ ಎರಡು ಸಾವಿರ ದಂಡ ಹಾಕಿದೆವು. ಸಮಾನ ಅಂತ ಬೆನ್ನು ತಟ್ಟಿಕೊಂಡೆವು. ಸರ್ಕಾರಿ ಕೆಲಸ ಇದ್ದವನು ಅಲ್ಲೇ ನಿಂತು ಫೋನಿನಲ್ಲಿ ಕಳಿಸಿದ. ಪಾವಗಡದ ಹುಡುಗ ಆ ತಿಂಗಳ ರೂಮ್ ಬಾಡಿಗೆ ಕಟ್ಟಲಿಲ್ಲ. ಎರಡು ವಾರ ರಾತ್ರಿ ಊಟ ಬಿಟ್ಟಿದ್ದಾನೆ ಅಂತ ತೂಕ ನೋಡುವಾಗ ಗೊತ್ತಾಯಿತು, ಮೂರು ಕೆಜಿ ಇಳಿದಿದ್ದ. ಅದಾದ ಮೇಲೆ ರೂಪಾಯಿ ದಂಡ ತೆಗೆದುಬಿಟ್ಟೆವು. ಈಗ ಇಷ್ಟು ಪಂದ್ಯಾವಳಿ ಅಂತ ಮಾತ್ರ.

2022ರಲ್ಲಿ ನಮ್ಮ ಕ್ಯಾಪ್ಟನ್ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದ. ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ ಬಂದ. "ಅಲ್ಲಿ ಕಟ್ಟಿದಾನಲ್ಲ, ಮತ್ತೆ ಇಲ್ಲೇನು?" ಅಂತ ನಮಗೆ ಜರ್ಸಿ ಕೊಡಿಸುವ ಯಜಮಾನರು ಕೂಗಾಡಿದರು. ಸಮಿತಿ ಪುಸ್ತಕ ತೆಗೆದು ಓದಿತು. ಹಿಂದಿನ ವರ್ಷ ಹೊರಗೆ ಕೂರುವ ಹುಡುಗನೊಬ್ಬನಿಗೆ ಇದೇ ತಪ್ಪಿಗೆ ಎರಡು ಪಂದ್ಯಾವಳಿ. ಕ್ಯಾಪ್ಟನ್‌ಗೂ ಎರಡು. ಮಧುಗಿರಿಯಲ್ಲಿ ಮೊದಲ ಸುತ್ತಿಗೇ ಸೋತು ಬಂದೆವು. ಆ ವರ್ಷ ಜರ್ಸಿ ನಾವೇ ಹೊಲಿಸಿಕೊಂಡೆವು.

ಕಾರ್ನರ್ ಹುಡುಗನನ್ನು ಹುಡುಕಿದ್ದು 2019ರಲ್ಲೇ. ಶಿರಾ ಕಡೆಯಿಂದ ಅಂತರಸನಹಳ್ಳಿ ಮಾರ್ಕೆಟ್‌ಗೆ ತರಕಾರಿ ತರುವ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಬೆಳಗಿನ ಜಾವ ಹೋಗಿ ಕಾದೆ. ನನ್ನನ್ನು ನೋಡಿ ಗಾಡಿಯಿಂದ ಇಳಿದ, ಏನೂ ಮಾತಾಡಲಿಲ್ಲ. "ತಪ್ಪು ಮಾಡಿದೆ ಕಣಪ್ಪ" ಅಂದೆ. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ತಾನೇ ಬಂದ. ಈಗ ಭಾನುವಾರಗಳಲ್ಲಿ ಕಾರ್ನರ್ ಹುಡುಗರಿಗೆ ಕಾಲು ಹಿಡಿಯೋದು ಹೇಳಿಕೊಡುತ್ತಾನೆ.

ಹೋದ ವರ್ಷ ಹುಡುಗರು ಚೀಟಿ ಹಾಕಿ ಅವನನ್ನೇ ಸಮಿತಿಗೆ ಆರಿಸಿದರು. ಮೊದಲ ದಿನ ಪುಸ್ತಕ ಕೈಗೆ ಕೊಟ್ಟೆವು. ತಿರುವಿಹಾಕುತ್ತಾ 2016ರ ಪುಟಕ್ಕೆ ಬಂದು ನಿಂತ. ತನ್ನ ಸಾಲನ್ನು ಎರಡು ಸಲ ಓದಿದ. "ಅಣ್ಣ, ಕಂಡಕ್ಟರ್ ಮೊದ್ಲು ಚಿಲ್ಲರೆನ ನೆಲಕ್ಕೆ ಎಸೆದಿದ್ದ. ಎತ್ಕೋ ಅಂದಿದ್ದ. ಅದನ್ನ ಬರ್ದೇ ಇಲ್ಲ" ಅಂದ. ನಾನು ಅವತ್ತು ಅವನನ್ನು ಕೇಳಿಯೇ ಇರಲಿಲ್ಲ. ಟೀಚರಮ್ಮ ತಮ್ಮ ಪೆನ್ನು ಮುಂದೆ ಇಟ್ಟರು. ಜಾಗ ಕಮ್ಮಿ ಇತ್ತು. ಸಾಲಿನ ಪಕ್ಕ, ಅಂಚಿನಲ್ಲಿ, ಪುಸ್ತಕ ಅಡ್ಡ ತಿರುಗಿಸಿಕೊಂಡು ಸಣ್ಣ ಅಕ್ಷರದಲ್ಲಿ ಬರೆದ.