ದುಡಿಯುವ ಹೊತ್ತಲ್ಲಿ ಮಗುವನ್ನು ಎಲ್ಲಿ ಬಿಡುವುದು?

ಶುಲ್ಕ ವಿಚಾರಿಸುವ ಮೊದಲು ಗಂಟೆಗಳ ಲೆಕ್ಕ ಹಾಕಿ. ಪಾಳಿ 8 ಗಂಟೆಯದಾದರೂ ಊಟದ ಬಿಡುವು ಅರ್ಧ ಗಂಟೆ, ಹೋಗಿಬರುವ ದಾರಿ ಒಂದೂವರೆ ಗಂಟೆ ಸೇರಿದರೆ ಮಗು 10 ಗಂಟೆ ಬೇರೆಯವರ ಕೈಯಲ್ಲಿರುತ್ತದೆ. ಬಸ್ಸು ತಪ್ಪೀತು, ಮೇಲ್ವಿಚಾರಕರು ತಡೆದಾರು ಎಂದು ಇನ್ನರ್ಧ ಗಂಟೆ ಸೇರಿಸಿ. 6ಕ್ಕೆ ಬಾಗಿಲು ಹಾಕುವ ಡೇ ಕೇರ್‌ಗೆ 5.50ಕ್ಕೆ ತಲುಪುವ ಲೆಕ್ಕವಿದ್ದರೆ ಅದು ನಿಮಗೆ ಆಗಿಬರುವುದಿಲ್ಲ. ಪಾಳಿ ಬದಲಾಗುತ್ತಿದ್ದರೆ ಕಳೆದ 4 ವಾರಗಳದ್ದನ್ನು ಬರೆದಿಟ್ಟು, ಅತಿ ಬೇಗ ಹೊರಟ ದಿನಕ್ಕೂ ಅತಿ ತಡವಾಗಿ ಬಂದ ದಿನಕ್ಕೂ ಹೊಂದುವಂಥದ್ದನ್ನು ಹುಡುಕಿ. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ದುಡ್ಡು. ತಿಂಗಳ ಶುಲ್ಕಕ್ಕೆ ದಾಖಲಾತಿ, ತಡವಾದರೆ ದಂಡ, ಡೈಪರ್, ಓಡಾಟ ಎಲ್ಲವನ್ನೂ ಕೂಡಿಸಿ. ಡೇ ಕೇರ್‌ಗೆ ರಜೆಯಿದ್ದು ನಿಮಗೆ ಕೆಲಸವಿರುವ ದಿನಗಳನ್ನೂ ಎಣಿಸಿ. ದಿನಗೂಲಿಯವರಿಗೆ ಅಂಥ ಒಂದೊಂದು ದಿನವೂ ಒಂದು ಕೂಲಿ ನಷ್ಟ. ಮಗು ಬಾರದ ದಿನಕ್ಕೂ ಹಣ ಕಟ್ಟಬೇಕೇ, ಆದಾಯ ನೋಡಿ ಶುಲ್ಕ ಇಳಿಸುತ್ತಾರೆಯೇ, ಸರ್ಕಾರದ ನೆರವು ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ.

ಜಾಗ ನೋಡಲು ಎರಡು ಸಲ ಹೋಗಿ: ಮಕ್ಕಳು ಆಡುವ ಹೊತ್ತಿಗೊಮ್ಮೆ, ಆಯಾಗಳು ಮನೆಗೆ ಹೊರಡುವ ಸಂಜೆಗೊಮ್ಮೆ. ಗೋಡೆಯ ಚಿತ್ರಗಳನ್ನು ಬಿಟ್ಟು ತಲೆ ಎಣಿಸಿ. ವರ್ಷದೊಳಗಿನ 3 ಕೂಸುಗಳಿಗೆ ಒಬ್ಬರು, 3 ವರ್ಷದವರೆಗಿನ 4 ಮಕ್ಕಳಿಗೆ ಒಬ್ಬರು ಇದ್ದರೆ ಬಹಳ ಒಳ್ಳೆಯದು. ಇದಕ್ಕಿಂತ ತೀರಾ ಹೆಚ್ಚಾದರೆ ಅಳುವ ಮಗುವನ್ನು ಎತ್ತಿಕೊಳ್ಳಲು ಕೈ ಸಾಲದು. ಕೂಸನ್ನು ಗಟ್ಟಿ ಹಾಸಿಗೆಯ ಮೇಲೆ, ದಿಂಬು ಹೊದಿಕೆಗಳಿಲ್ಲದೆ ಅಂಗಾತ ಮಲಗಿಸುತ್ತಾರೆಯೇ? ಬೋರಲು ಮಲಗಿದರೆ, ಮೆತ್ತನೆಯದು ಮೂಗಿಗೆ ಒತ್ತಿದರೆ ಉಸಿರು ಕಟ್ಟಬಹುದು. ಡೈಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯುತ್ತಾರೆಯೇ? ನೀರಿನ ಬಕೆಟ್ ತೆರೆದಿದೆಯೇ? ನಾಲ್ಕು ಬೆರಳು ನೀರಿದ್ದರೂ ತಲೆಕೆಳಗಾದ ಮಗು ಮುಳುಗುತ್ತದೆ. ಮುಂಚೆ ತಿಳಿಸದೆ ಪೋಷಕರು ಬರಬಾರದು ಎನ್ನುವ ಕಡೆ ಬಿಡಲೇಬೇಡಿ.

ರಾತ್ರಿ ಪಾಳಿಯವರಿಗೆ ಅಜ್ಜಿಯೋ ನೆರೆಮನೆಯವರೋ ಹೆಚ್ಚಾಗಿ ಅನುಕೂಲ. ಕೆಡುವುದು ಮಾತಾಡದೆ ಬಿಟ್ಟ ವಿಷಯಗಳಿಂದ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಹಣ, ಅವರಿಗೇ ಹುಷಾರಿಲ್ಲದಾಗ ಯಾರು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಕಂಕುಳ ಕೂಸನ್ನು ನೋಡಿಕೊಂಡ ಅಜ್ಜಿಗೆ ಅದು ಓಡಲು ಕಲಿತ ಮೇಲೆ ಕಷ್ಟವಾಗುತ್ತದೆ, ಅವರ ಮಾತ್ರೆಗಳೂ ಅದರ ಕೈಗೆಟುಕುತ್ತವೆ. ಹತ್ತು ವರ್ಷದ ಅಕ್ಕನ ಮೇಲೆ ಹೊರಿಸುವುದನ್ನು ವ್ಯವಸ್ಥೆ ಎನ್ನಲಾಗದು.

ಕೆಲಸ ಶುರುವಾಗುವ ಒಂದು ವಾರ ಮುಂಚೆಯೇ ರೂಢಿ ಮಾಡಿಸಿ: ನೀವೂ ಜೊತೆಗಿದ್ದು 1 ಗಂಟೆ, ನೀವಿಲ್ಲದೆ 1 ಗಂಟೆ, ಅರ್ಧ ದಿನ, ಮಧ್ಯಾಹ್ನದ ನಿದ್ದೆಯವರೆಗೆ, ಆಮೇಲೆ ಪೂರ್ತಿ ದಿನ.

ಮೊದಲ ತಿಂಗಳುಗಳಲ್ಲಿ ನೆಗಡಿ, ಜ್ವರ ಮೇಲಿಂದ ಮೇಲೆ ಬರುತ್ತವೆ. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮನೆಗೆ ಕಳಿಸುವುದು, ಔಷಧಿಯಿಲ್ಲದೆ 24 ಗಂಟೆ ಜ್ವರ ಬಿಟ್ಟ ಮೇಲೆ ಸೇರಿಸಿಕೊಳ್ಳುವುದು ಅನೇಕ ಕಡೆಯ ನಿಯಮ. ಅಂದರೆ ಸಣ್ಣ ಜ್ವರಕ್ಕೂ 2 ದಿನದ ಕೆಲಸ ಹೋಗಬಹುದು. ಅದಕ್ಕಾಗಿ ರಜೆ ಉಳಿಸಿಕೊಳ್ಳಿ, ಯಾರು ಯಾವ ಸಲ ರಜೆ ಹಾಕುವುದೆಂದು ದಂಪತಿಗಳು ಮೊದಲೇ ಹಂಚಿಕೊಳ್ಳಿ. ತುರ್ತಿಗೆ ಒಪ್ಪಿದ ಇಬ್ಬರ ಹೆಸರು, ಫೋನ್ ನಂಬರನ್ನು ದಾಖಲಾತಿ ಫಾರಂನಲ್ಲೇ ಬರೆದುಕೊಡಿ. ಪಟ್ಟಿಯಲ್ಲಿ ಇಲ್ಲದವರ ಕೈಗೆ ಡೇ ಕೇರ್‌ನವರು ಮಗುವನ್ನು ಒಪ್ಪಿಸಬಾರದು.