ವಯಸ್ಸಾದ ಮೇಲೆ ವಾಟ್ಸಾಪ್, ಫೇಸ್‌ಬುಕ್: ನಾನು ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದು

ಕೆಲಸದಿಂದ ನಿವೃತ್ತಿ ಆದ ಮೇಲೆ ಸೋಶಿಯಲ್ ಮೀಡಿಯಾ ಕಲಿಯೋಕೆ ಕೂತಾಗ ನಾನು ಎಲ್ಲಕ್ಕಿಂತ ಮೊದಲು ಅಕ್ಷರ ದೊಡ್ಡದು ಮಾಡಿಕೊಂಡೆ. ನಗಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಅಂತ ಇರುತ್ತದೆ, ಅಲ್ಲಿ ಆಗುತ್ತದೆ. ವಾಟ್ಸಾಪ್ ಒಳಗೆ ಚಾಟ್ಸ್ ಅನ್ನೋ ಕಡೆಯೂ ಬೇರೆಯಾಗಿ ಇದೆ. ನಮ್ಮ ವಯಸ್ಸಿನವರು ಎಷ್ಟೋ ಸಲ ಸರಿಯಾಗಿ ಕಾಣದೆ ಏನೋ ಒಂದನ್ನು ಒತ್ತಿಬಿಡುತ್ತೇವೆ, ಆಮೇಲೆ "ಇದೆಲ್ಲ ನನ್ ಕೈಲಿ ಆಗಲ್ಲಪ್ಪ" ಅಂತ ಫೋನ್ ಕೆಳಗಿಡುತ್ತೇವೆ. ತಲೆಯದಲ್ಲ, ಕಣ್ಣಿನ ಸಮಸ್ಯೆ ಅದು.

ಕಲಿಸುವವರಿಗೆ ಒಂದೇ ಷರತ್ತು ಹಾಕಿದ್ದೆ. ಫೋನ್ ನನ್ನ ಕೈಯಲ್ಲೇ ಇರಬೇಕು. ಮೊಮ್ಮಗಳು ಒಳ್ಳೆಯವಳೇ, ಆದರೆ "ಕೊಡಜ್ಜಿ ಇಲ್ಲಿ" ಅಂತ ಕಿತ್ತುಕೊಂಡು, ಟಕಟಕ ಅಂತ ನಾಲ್ಕು ಕಡೆ ಒತ್ತಿ, "ಆಯ್ತು ನೋಡು" ಅಂತ ವಾಪಸ್ ಕೊಡುತ್ತಾಳೆ. ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? "ನೀನು ಬಾಯಲ್ಲಿ ಹೇಳು, ಒತ್ತೋದು ನಾನು" ಅಂದೆ. ಅವಳಿಗೆ ಬೋರ್ ಆಯ್ತು, ನಿಜ. ಅವಳು ಹೇಳಿದ್ದನ್ನು ನನ್ನ ಮಾತಲ್ಲೇ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಂಡೆ: ಮೂರು ಚುಕ್ಕಿ ಒತ್ತು, ಕೆಳಗೆ ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ. ಪೆನ್ಸಿಲ್ಲಲ್ಲೇ ಬರೆಯಿರಿ, ಯಾಕೆಂದರೆ ಆ್ಯಪ್ ಅಪ್‌ಡೇಟ್ ಆದಾಗ ಎಲ್ಲ ಜಾಗ ಬದಲಾಗಿರುತ್ತದೆ.

ಇನ್ನು ಸೇಫ್ಟಿ ವಿಷಯ. ವಾಟ್ಸಾಪಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಅಂತ ಇದೆ, ಅಂದರೆ ನಾವೇ ಇಟ್ಟುಕೊಳ್ಳುವ ಒಂದು ಪಿನ್ ಎರಡನೇ ಬೀಗದ ಹಾಗೆ, ಅದನ್ನು ಹಾಕಿಕೊಳ್ಳದವರು ಇವತ್ತೇ ಹಾಕಿಕೊಳ್ಳಿ. ಯಾಕೆ ಅಂತ ಗೊತ್ತಾದರೆ ಮರೆಯುವುದಿಲ್ಲ. ಯಾರಾದರೂ ನಿಮ್ಮ ನಂಬರನ್ನು ತಮ್ಮ ಫೋನಿನ ವಾಟ್ಸಾಪಿಗೆ ಹಾಕಿದರೆ, 6 ಅಂಕಿಯ ಕೋಡ್ ಬರುವುದು ನಿಮಗೆ. ಆಗ ಅವರು ಅದನ್ನು ನಿಮ್ಮ ಬಾಯಿಂದಲೇ ಹೊರಡಿಸಬೇಕು. "ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಹೇಳ್ತೀರಾ" ಅಂತ ಮೆಸೇಜ್ ಬರುತ್ತದೆ, ಅದೂ ಎಷ್ಟೋ ಸಲ ಗುರುತಿನವರ ಹೆಸರಿನಿಂದಲೇ, ಯಾಕೆಂದರೆ ಅವರ ಅಕೌಂಟ್ ಆಗಲೇ ಬೇರೆಯವರ ಕೈಗೆ ಹೋಗಿರುತ್ತದೆ. ನೀವೇ ಇಟ್ಟುಕೊಂಡ ಇನ್ನೊಂದು 6 ಅಂಕಿಯ ಪಿನ್ ಇದ್ದರೆ, ಕೋಡ್ ಸಿಕ್ಕಿದರೂ ಅವರ ಆಟ ಸುಲಭಕ್ಕೆ ನಡೆಯುವುದಿಲ್ಲ. ಪಿನ್ ಮರೆತರೆ ಬೇಕಾಗುತ್ತದೆ ಅಂತ ಇಮೇಲ್ ಕೂಡ ಕೊಟ್ಟಿಡಿ. ವಾಟ್ಸಾಪ್ ಆಗಾಗ ಪಿನ್ ಕೇಳುತ್ತದೆ, ಗಾಬರಿ ಬೇಡ, ನಾವು ಮರೆಯದಿರಲಿ ಅಂತ ಅಷ್ಟೇ.

ಹಾಗೇ ಪ್ರೈವಸಿಯಲ್ಲಿ ಗ್ರೂಪ್ಸ್ ಅಂತ ಇರುವ ಕಡೆ ಮೈ ಕಾಂಟ್ಯಾಕ್ಟ್ಸ್ ಅಂತ ಮಾಡಿದೆ. ಅಲ್ಲಿಂದಾಚೆ ಗೊತ್ತಿಲ್ಲದವರು ದುಡ್ಡು ಡಬಲ್ ಮಾಡುವ ಗ್ರೂಪಿಗೆ ನನ್ನನ್ನು ಎಳೆದು ಹಾಕುವುದು ನಿಂತಿತು. ಗೊತ್ತಿಲ್ಲದ ನಂಬರಿನ ಕಾಲ್ ಬಂದಾಗ ರಿಂಗ್ ಆಗದ ಹಾಗೂ ಮಾಡಬಹುದು. ಕಾಲ್ ಬಂದಿದ್ದು ಪಟ್ಟಿಯಲ್ಲಿ ಕಾಣುತ್ತದೆ, ಬೇಕಿದ್ದರೆ ನಿಧಾನಕ್ಕೆ ನೋಡಬಹುದು.

ಒಂದು ದಿನ ಫೇಸ್‌ಬುಕ್ಕಲ್ಲಿ ನನ್ನ ಕಾಲೇಜು ಗೆಳತಿಯಿಂದ ಫ್ರೆಂಡ್ ರಿಕ್ವೆಸ್ಟ್ ಬಂತು. ಅವಳದೇ ಫೋಟೋ, ಅದೇ ಹೆಸರು. ಆದರೆ ಅವಳು ಮೊದಲೇ ನನ್ನ ಫ್ರೆಂಡ್ ಲಿಸ್ಟಲ್ಲಿ ಇದ್ದಾಳಲ್ಲ! ಹೊಸ ಪ್ರೊಫೈಲ್ ತೆಗೆದು ನೋಡಿದೆ, ಎರಡೇ ಫೋಟೋ, ಹಳೆಯದು ಒಂದೂ ಇಲ್ಲ. ಅಷ್ಟರಲ್ಲಿ ಮೆಸೇಜೂ ಬಂತು: "ಹೇಗಿದ್ದೀರಿ? ಅರ್ಜೆಂಟಾಗಿ ಸ್ವಲ್ಪ ಹಣ ಬೇಕಿತ್ತು, ನಾಳೆ ಬೆಳಗ್ಗೆ ವಾಪಸ್ ಹಾಕ್ತೀನಿ." ಜೊತೆಯಲ್ಲಿ ಓದಿದವಳು ನನ್ನನ್ನು ಹೇಗಿದ್ದೀರಿ ಅಂತ ಕೇಳುತ್ತಾಳಾ? ನಲವತ್ತು ವರ್ಷದಿಂದ "ಏನೇ, ಬದುಕಿದ್ದೀಯಾ" ಅಂತಲೇ ಅವಳ ಮಾತು ಶುರು. ಹಳೇ ನಂಬರಿಗೆ ಫೋನ್ ಮಾಡಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಆ ಪ್ರೊಫೈಲನ್ನು ರಿಪೋರ್ಟ್ ಮಾಡಿದೆವು, ಬೇರೆ ಗೆಳತಿಯರಿಗೂ ಹೇಳಿದೆವು. ಆಮೇಲೆ ಫ್ರೆಂಡ್ ಲಿಸ್ಟ್ ನಮಗೆ ಮಾತ್ರ ಕಾಣುವ ಹಾಗೆ ಮಾಡಿಕೊಂಡೆವು. ಲಿಸ್ಟ್ ಎಲ್ಲರಿಗೂ ಕಾಣುತ್ತಿದ್ದರೆ, ಯಾರ ಹತ್ತಿರ ಹಣ ಕೇಳಬೇಕು ಅನ್ನೋ ಪಟ್ಟಿಯನ್ನು ನಾವೇ ಕೈಗೆ ಕೊಟ್ಟ ಹಾಗೆ.

ನಾನು ಗಮನಿಸಿದ್ದು ಏನೆಂದರೆ ಇಂಥ ಮೆಸೇಜುಗಳಲ್ಲೆಲ್ಲ ಅವಸರ ಇದ್ದೇ ಇರುತ್ತದೆ. ಈಗಲೇ ಕಳಿಸಿ, ಅಕೌಂಟ್ ಇವತ್ತೇ ಬಂದ್ ಆಗುತ್ತೆ, ಯಾರಿಗೂ ಹೇಳಬೇಡಿ. ನಿಧಾನ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ! ಮಕ್ಕಳು ಬೈಯುವ ಈ ನಿಧಾನವೇ ಇಲ್ಲಿ ಕೆಲಸಕ್ಕೆ ಬರುತ್ತದೆ. "ಮಗನ ಹತ್ತಿರ ಕೇಳಿ ಹೇಳ್ತೀನಿ" ಅಂದರೆ ಮೋಸ ಮಾಡುವವರು ಅಲ್ಲೇ ಜಾರಿಕೊಳ್ಳುತ್ತಾರೆ.

ಫಾರ್ವರ್ಡ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಐದು ಅಥವಾ ಅದಕ್ಕಿಂತ ಜಾಸ್ತಿ ಕೈ ದಾಟಿ ಬಂದಿದೆ ಅಂತ ಅರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸೋಕೆ ಬಿಡುತ್ತಾರೆ. ನಾನು ಅದನ್ನೂ ಮಾಡುವುದಿಲ್ಲ, ನನ್ನ ಹತ್ತಿರವೇ ನಿಲ್ಲಿಸುತ್ತೇನೆ. ಅದರಲ್ಲೂ ಕಾಯಿಲೆ, ಔಷಧಿಯ ಮೆಸೇಜ್ ಇದ್ದರಂತೂ ಸೀದಾ ಡಿಲೀಟ್. ಭಾವ ಸುಳ್ಳು ಸುದ್ದಿ ಹಾಕಿದರೆ ಗ್ರೂಪಲ್ಲಿ ಎಲ್ಲರ ಮುಂದೆ ಹೇಳುವುದಿಲ್ಲ, ಬೇರೆಯಾಗಿ ಅವರಿಗೊಬ್ಬರಿಗೇ ಬರೆಯುತ್ತೇನೆ. ಒಪ್ಪುತ್ತಾರೋ ಇಲ್ಲವೋ, ಮನಸ್ತಾಪ ಅಂತೂ ಇಲ್ಲ. ಮೊಮ್ಮಕ್ಕಳ ಫೋಟೋ ಹಾಕುವ ಮುಂಚೆ ಅವರ ಅಪ್ಪ ಅಮ್ಮನನ್ನು ಕೇಳುತ್ತೇನೆ.

ಇಷ್ಟೆಲ್ಲ ಒಮ್ಮೆ ಮಾಡಿಟ್ಟ ಮೇಲೆ ಖುಷಿಯಾಗಿ ಇರಬಹುದು, ಅದಕ್ಕೇ ಅಲ್ವಾ ಇದನ್ನೆಲ್ಲ ಕಲಿತಿದ್ದು. ಟೈಪ್ ಮಾಡೋಕೆ ಬೆರಳು ನೋಯುತ್ತದೆ ಅಂದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ಆಗಾಗ ತಮಾಷೆಯಾಗಿ ತಪ್ಪುತ್ತದೆ, ವಾಟ್ಸಾಪಲ್ಲಿ ಕಳಿಸಿದ ಮೇಲೂ 15 ನಿಮಿಷದೊಳಗೆ ತಿದ್ದಬಹುದು. ನನಗಂತೂ ವಾಯ್ಸ್ ಮೆಸೇಜೇ ಇಷ್ಟ. ಕಾಲೇಜು ಗೆಳತಿಯರು ನಾವೊಂದಷ್ಟು ಜನ ಓದಿದ ಪುಸ್ತಕದ ಬಗ್ಗೆ ಹಾಗೇ ಮಾತಾಡಿ ಕಳಿಸುತ್ತೇವೆ. ಒಬ್ಬಳು ಪುಸ್ತಕ ಬಿಟ್ಟು ಮಂಡಿ ನೋವಿನ ಬಗ್ಗೆಯೇ ಹೇಳುತ್ತಾಳೆ, ಅದನ್ನೂ ಕೇಳುತ್ತೇವೆ.

ಯೂಟ್ಯೂಬಲ್ಲಿ ಬೇಡದ್ದು ಬಂದರೆ ಪಕ್ಕದ ಮೂರು ಚುಕ್ಕಿ ಒತ್ತಿ ನಾಟ್ ಇಂಟರೆಸ್ಟೆಡ್ ಅಂತ ಕೊಡುತ್ತಾ ಬಂದೆ. ಜಗಳದ ವಿಡಿಯೋ ಕಮ್ಮಿಯಾಗಿ ಕಸೂತಿ, ಸಂಗೀತ ಜಾಸ್ತಿ ಬರೋಕೆ ಶುರುವಾಯ್ತು. ದಿನವಿಡೀ ಗುಡ್ ಮಾರ್ನಿಂಗ್ ಹಾಕುವ ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿದ್ದೇನೆ. ಫೇಸ್‌ಬುಕ್ಕಲ್ಲಿ ಯಾವಾಗಲೂ ಕಿಡಿ ಕಾರುವ ನೆಂಟರನ್ನು ಅನ್‌ಫಾಲೋ ಮಾಡಿದ್ದೇನೆ. ಅನ್‌ಫ್ರೆಂಡ್ ಬೇರೆ, ಇದು ಬೇರೆ. ಲಿಸ್ಟಲ್ಲಿ ಇರುತ್ತಾರೆ, ಅವರ ಪೋಸ್ಟ್ ನಮ್ಮ ಫೀಡಲ್ಲಿ ಬರುವುದಿಲ್ಲ, ಅವರಿಗೆ ಇದು ಗೊತ್ತಾಗುವುದೂ ಇಲ್ಲ. ಎದುರು ಸಿಕ್ಕರೆ ಮಾತುಕತೆ ಹಿಂದಿನ ಹಾಗೇ ನಡೆಯುತ್ತದೆ.