ದನಿ ಮಗನದ್ದೇ, ಫೋನ್ ಮಾಡಿದ್ದು ಮಗನಲ್ಲ

ಮನೆಯಲ್ಲಿ ಹಿರಿಯರು ಇರುವವರು ಸ್ವಲ್ಪ ಓದಿ. "ಅಮ್ಮಾ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಕಳಿಸು" ಎಂದು ಮಗನ ದನಿಯಲ್ಲೇ ಫೋನ್ ಬಂದರೆ ಯಾವ ತಾಯಿ ತಾನೇ ಅನುಮಾನ ಪಡುತ್ತಾಳೆ? ಆದರೆ ದನಿ ನಕಲು ಮಾಡುವುದು ಈಗ ಕಷ್ಟವೇನಲ್ಲ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೋರಿಸಿದ ವ್ಯಾಲ್-ಇ ಎಂಬ ತಂತ್ರಕ್ಕೆ ಬರೀ 3 ಸೆಕೆಂಡಿನ ಆಡಿಯೋ ಸಾಕಾಗಿತ್ತು. ನಾವು ಹಾಕುವ ಒಂದು ರೀಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ?

ಇಂಥ ಕರೆ ಬಂದರೆ ಕೇಳೋಕೆ ಅಂತ ನಾವು ಮನೆಯಲ್ಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಂಡಿದ್ದೇವೆ. ಹುಟ್ಟಿದ ದಿನ, ಸಾಕಿದ ನಾಯಿಯ ಹೆಸರು ಬೇಡ, ಅವೆಲ್ಲ ಫೇಸ್‌ಬುಕ್‌ನಲ್ಲೇ ಸಿಗುತ್ತವೆ. ಅಜ್ಜನ ಕಾಲದ ಎಮ್ಮೆಯ ಹೆಸರಿನಂಥದ್ದು ಇರಲಿ. (ನಮ್ಮ ಎಮ್ಮೆಯ ಹೆಸರು ಕೇಳಬೇಡಿ!) ಅದನ್ನು ಎದುರಿಗೆ ಕೂತು ಹೇಳಿಕೊಳ್ಳಿ, ವಾಟ್ಸಾಪ್‌ನಲ್ಲಿ ಬರೆಯಬೇಡಿ.

ಗಾಬರಿಯಲ್ಲಿ ಪ್ರಶ್ನೆ ಮರೆತುಹೋದರೆ ಫೋನ್ ಇಟ್ಟುಬಿಡಿ. ನಿಮ್ಮಲ್ಲಿ ಮೊದಲಿನಿಂದ ಸೇವ್ ಆಗಿರುವ ನಂಬರಿಗೆ ನೀವೇ ಕರೆ ಮಾಡಿ. ಪರದೆಯ ಮೇಲೆ ಮಗನ ನಂಬರೇ ಕಂಡಿದ್ದರೂ ಹೀಗೇ ಮಾಡಿ, ನಂಬರನ್ನೂ ನಕಲಿಯಾಗಿ ತೋರಿಸಬಹುದು. "ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ" ಎಂದರಂತೂ ಅದು ಮೋಸವೇ ಎಂದುಕೊಳ್ಳಿ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ಖಾತೆಯಲ್ಲೇ ತಡೆಯಲು ಅವಕಾಶ ಜಾಸ್ತಿ. ಈ ನಂಬರನ್ನು ಇವತ್ತೇ ಅಪ್ಪ-ಅಮ್ಮನ ಫೋನಿನಲ್ಲಿ ಸೇವ್ ಮಾಡಿಕೊಡಿ.